ರೊಟ್ಟಿ ಬಡಿಯುವ ಕೈಗೆ ಶುಂಠಿಯ ಪುಡಿ

ಹಂಸಭಾವಿಯಲ್ಲಿ ಮದುವೆ ಇರಲಿ, ಬಸುರಿಗೆ ಕುಬಸ ಇರಲಿ, ಅಡುಗೆಯವನನ್ನು ಗೊತ್ತು ಮಾಡುವ ಮೊದಲೇ ರೊಟ್ಟಿಗೆ ಹೊನ್ನವ್ವನ ಮನೆಗೆ ಹೋಗಿ ಹೇಳಿ ಬರುವುದು ರೂಢಿ. ಅವಳು ಬಡಿದ ಜೋಳದ ರೊಟ್ಟಿ ಹಂಚಿನ ಅಗಲಕ್ಕೆ ಬರುತ್ತಿತ್ತು. ಅಂಚು ಎಲ್ಲಿಯೂ ಸೀಳುತ್ತಿರಲಿಲ್ಲ. ಕಡಕ್ ಮಾಡಿ ಒಟ್ಟಿದರೆ ವಾರಗಟ್ಟಲೆ ಮುರುಟದೆ ನಿಲ್ಲುತ್ತಿತ್ತು. ಗಂಡ ಶಿದ್ಲಿಂಗಪ್ಪ ಅವನ್ನು ಬಟ್ಟೆಯಲ್ಲಿ ಸುತ್ತಿ, ಮೊಪೆಡ್ಡಿನ ಹಿಂದೆ ಬುಟ್ಟಿ ಕಟ್ಟಿಕೊಂಡು, ಹಿರೇಕೆರೂರಿನ ಖಾನಾವಳಿಗಳಿಗೂ ಸುತ್ತಲಿನ ಹಳ್ಳಿಗಳಿಗೂ ಮುಟ್ಟಿಸಿ ಬರುತ್ತಿದ್ದ. ಮನೆಯ ಹಿಂದಿನ ತಗಡಿನ ಚಪ್ಪರದ ಕೆಳಗೆ ಒಲೆಗಳು. ಹಂಚಿನ ಮುಂದೆ ಕೂತು ಬೇಯಿಸಲು ಓಣಿಯ ಸುನಿತಾ ಬರುತ್ತಿದ್ದಳು. ಬಡಿಯುವುದು ಮಾತ್ರ ಹೊನ್ನವ್ವನೇ. ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು, ಕೈ ಸುಡುವ ಬಿಸಿಯಲ್ಲೇ ನಾದಿ, ಉಂಡೆ ಕಟ್ಟಿ, ಎರಡೂ ಅಂಗೈಯಿಂದ ತಿರುಗಿಸುತ್ತ ಬಡಿಯುವ ಆ ಸಪ್ಪಳ ಬೆಳಗ್ಗೆ ಓಣಿಗೆಲ್ಲ ಕೇಳುತ್ತಿತ್ತು.

ಐವತ್ತು ದಾಟಿದ ಮೇಲೆ ಆ ಕೈಗಳು ಬಾತವು.

ಮೊದಮೊದಲು ಬೆಳಗ್ಗೆ ಎದ್ದಾಗ ಬೆರಳು ಮಡಚುತ್ತಿರಲಿಲ್ಲ. ಬಿಸಿನೀರಿನಲ್ಲಿ ಅದ್ದಿ ಕೂತರೆ ಹೊತ್ತೇರುವಷ್ಟರಲ್ಲಿ ಸಡಿಲಾಗುತ್ತಿದ್ದವು. ಆಮೇಲಾಮೇಲೆ ಮುಂಗೈ ಕೀಲು ಕೆಂಪಗಾಗಿ ಉಬ್ಬಿ, ಬಳೆ ಏರದಾಯಿತು. ಒಂದು ದಿನ ಎಸರಿನ ಪಾತ್ರೆ ಕೈಯಿಂದ ಜಾರಿ ಬಿತ್ತು. ಸುನಿತಾ ಹಿಂದಕ್ಕೆ ಜಿಗಿಯದಿದ್ದರೆ ಅವಳ ಕಾಲು ಬೆಂದೇ ಹೋಗುತ್ತಿತ್ತು.

"ಇಷ್ಟು ವರ್ಷ ಬಡದದ್ದಕ್ಕ ಸವದಾವ ಬಿಡು," ಎಂದಳು ಹೊನ್ನವ್ವ.

"ಸವದದ್ದಾದ್ರ ಕಾಲ ಬೆರಳು ಯಾಕ ಬಾತಾವ್ರಿ ಅಕ್ಕಾರ? ಕಾಲ್ಲೇನ ರೊಟ್ಟಿ ಬಡದೀರೇನು?" ಎಂದಳು ಸುನಿತಾ.

ಹೊನ್ನವ್ವನ ತವರು ಹಾನಗಲ್ಲ ತಾಲೂಕಿನಲ್ಲಿ. ಅಣ್ಣ ಶಿವಯೋಗಿ ನೀರಾವರಿಯ ಎರಡು ಎಕರೆಯಲ್ಲಿ ಶುಂಠಿ ಹಾಕುತ್ತಾನೆ. ಕೀಳುವ ಹಂಗಾಮಿನಲ್ಲಿ ಒಂದು ಚೀಲ ತಂಗಿಯ ಮನೆಗೂ ಬರುತ್ತದೆ. ಹಾಗಾಗಿ ಔಷಧಿಗೆ ಅವಳು ದೂರ ಹುಡುಕಬೇಕಿರಲಿಲ್ಲ. ಹಸಿಶುಂಠಿ ಜಜ್ಜಿ ಬೆಲ್ಲ ಹಾಕಿ ಕಷಾಯ ಕುದಿಸಿದಳು. ಒಣಶುಂಠಿ ತೇಯ್ದು ಬಿಸಿ ಮಾಡಿ ಕೈಗೆ ಪಟ್ಟು ಹಾಕಿಕೊಂಡಳು. ಹಾಕಿದಾಗ ಚುರುಚುರು ಅನ್ನುತ್ತ ಕಾವು ಇಳಿದು ಹಾಯೆನಿಸುತ್ತಿತ್ತು. ಮರುದಿನ ಬೆಳಗ್ಗೆ ಬೆರಳು ಮತ್ತೆ ಹಾಗೇ.

ಬಸ್‌ನಿಲ್ದಾಣದ ಹತ್ತಿರ ಮೆಡಿಕಲ್ ಶಾಪ್ ಇಟ್ಟುಕೊಂಡವಳು ನಸೀರಾ. ಸವಣೂರಿನ ಹುಡುಗಿ, ಔಷಧಶಾಸ್ತ್ರ ಓದಿ, ಮದುವೆಯಾಗಿ ಹಂಸಭಾವಿಗೆ ಬಂದವಳು. ನೋವಿನ ಗುಳಿಗೆಗೆಂದು ಹೊನ್ನವ್ವ ಮೇಲಿಂದ ಮೇಲೆ ಬರುವುದನ್ನು ನೋಡಿ ಒಂದು ದಿನ ಗುಳಿಗೆ ಕೊಡದೆ ಕೈ ಹಿಡಿದು ನೋಡಿದಳು.

"ಅಕ್ಕಾರ, ಎರಡೂ ಕೈ ಒಂದ ನಮೂನಿ ಬಾತಾವ. ಇದು ಬರೇ ನೋವಲ್ರಿ. ಹಾವೇರಿಯೊಳಗ ಸವಿತಾ ಡಾಕ್ಟರ್ ಅಂತ ಕೀಲಿನ ರೋಗದ ಡಾಕ್ಟರ್ ಅದಾರ. ಒಮ್ಮೆ ತೋರಸ್ರಿ."

"ಒಂದು ಗುಳಿಗಿ ಕೊಡವಾ, ನಾಳೆ ಲಗ್ನದ್ದು ಐತಿ."

"ಇವತ್ತಿಗೆ ಕೊಡ್ತೇನಿ. ಮುಂದಿನ ವಾರ ಹಾವೇರಿಗೆ ಹೋಗದ ಬಂದ್ರ ಕೊಡೂದಿಲ್ಲ," ಎಂದಳು ನಸೀರಾ ನಗುತ್ತ. ಆದರೆ ಹೇಳಿದ್ದು ನಿಜವಾಗಿಯೇ.

ಶಿದ್ಲಿಂಗಪ್ಪ ಹೆಂಡತಿಯನ್ನು ಬಸ್ಸಿನಲ್ಲಿ ಹಾವೇರಿಗೆ ಕರೆದುಕೊಂಡು ಹೋದ. ಡಾಕ್ಟರ್ ಸವಿತಾ ರಕ್ತ ತಪಾಸಣೆ ಮಾಡಿಸಿ, ಕೈಯ ಎಕ್ಸ್‌ರೇ ನೋಡಿ, ಇದು ರುಮಟಾಯ್ಡ್ ಸಂಧಿವಾತ ಎಂದರು.

"ಕೆಲಸ ಮಾಡಿ ಸವದದ್ದಲ್ರಿ ಇದು. ರೋಗದ ಜೋಡಿ ಬಡಿದಾಡಾಕ ಮೈಯಾಗ ಒಂದು ಶಕ್ತಿ ಇರ್ತೈತಿ ನೋಡ್ರಿ, ಅದು ದಾರಿ ತಪ್ಪಿ ನಿಮ್ಮ ಕೀಲಿನ ಮ್ಯಾಲೇ ಬಿದ್ದೈತಿ. ಅದಕ್ಕ ಈ ಬಾವು, ಈ ಬಿಸಿ. ಹಂಗ ಬಿಟ್ರ ಬೆರಳು ಸೊಟ್ಟ ಆಗ್ತಾವ. ಗುಳಿಗಿ ಕೊಡ್ತೇನಿ, ವಾರಕ್ಕ ಒಂದ ದಿನ ಅಷ್ಟ ತಗೋಬೇಕು. ದಿನಾ ತಗೊಂಡ್ರ ಅಪಾಯ. ಗುಣ ಕಾಣಾಕ ಎರಡು ಮೂರು ತಿಂಗಳು ಬೇಕು."

"ನಾ ಶುಂಠಿ ಕಷಾಯ ಕುಡ್ಯಾಕತ್ತೇನ್ರಿ. ಬಿಡಬೇಕೇನ್ರಿ?" ಎಂದು ಹೊನ್ನವ್ವ ಕೇಳಿದಳು.

ಡಾಕ್ಟರ್ ಬಿಡಬೇಕು ಅನ್ನಲಿಲ್ಲ. "ಶುಂಠಿ ಸುಳ್ಳಲ್ರಿ. ಅದರ ಖಾರಕ್ಕ ಜಿಂಜರಾಲ್ ಅಂತಾರ. ಒಣಗಿಸಿದ್ರ ಅದರಾಗಿಂದ ಒಂದಿಷ್ಟು ಶೋಗಾಲ್ ಅಂತ ಆಗ್ತೈತಿ, ಅದಕ್ಕ ಒಣಶುಂಠಿ ಇನ್ನೂ ಖಾರ. ಬಾವು ಎಬ್ಬಿಸೂ ಕೆಲವು ಪದಾರ್ಥ ನಮ್ಮ ಮೈಯಾಗ ತಯಾರಾಗ್ತಾವ. ಇವು ಅದನ್ನ ಅಷ್ಟಿಷ್ಟು ತಡೀತಾವ. ಮೊಣಕಾಲು ಸವದು ನೋವು ಬಂದವ್ರಿಗೆ ಕೊಟ್ಟು ನೋಡ್ಯಾರ. ವಾರಗಟ್ಟಲೆ ತಗೊಂಡ ಮ್ಯಾಲೆ ಕೆಲವ್ರಿಗೆ ಸ್ವಲ್ಪ ಆರಾಮ ಅನಿಸೇತಿ. ಸ್ವಲ್ಪ. ನಿಮ್ಮ ರೋಗದ ಓಟ ನಿಲ್ಸೂವಷ್ಟು ಬಲ ಅದಕ್ಕಿಲ್ಲ. ಚಾದಾಗ ಹಾಕ್ರಿ, ಸಾರಿನಾಗ ಹಾಕ್ರಿ. ಗುಳಿಗಿ ಬದಲಿ ಅಂತ ಮಾತ್ರ ತಿಳೀಬ್ಯಾಡ್ರಿ."

ಹೊನ್ನವ್ವ ಗುಳಿಗೆ ಶುರು ಮಾಡಿದಳು. ಗುಳಿಗೆ ತೆಗೆದುಕೊಂಡ ಮರುದಿನ ಹೊಟ್ಟೆ ತೊಳಸಿ ಅನ್ನ ಸೇರುತ್ತಿರಲಿಲ್ಲ. ಕೈಯಲ್ಲಿ ಗುಣ ಅಂತ ಏನೂ ಕಾಣಲಿಲ್ಲ. ಇತ್ತ ಲಗ್ನಗಳ ದಿನ ಬಂದವು. ಸುನಿತಾ ಬಡಿಯಲು ಕೂತರೆ ರೊಟ್ಟಿ ಅಂಚಿನಲ್ಲಿ ದಪ್ಪವಾಗುತ್ತಿತ್ತು. ಖಾನಾವಳಿಯವರು ಒಂದೆರಡು ಸಲ ಹೇಳಿ, ಆಮೇಲೆ ಬೇರೆ ಕಡೆ ರೊಟ್ಟಿ ತರಿಸತೊಡಗಿದರು. ತಿಂಗಳು ತುಂಬಿ ಕೆಲವೇ ದಿನಗಳಲ್ಲಿ ಹೊನ್ನವ್ವ ಗುಳಿಗೆ ಬಿಟ್ಟಳು. ಡಾಕ್ಟರಿಗೂ ಹೇಳಲಿಲ್ಲ, ನಸೀರಾಗೂ ಹೇಳಲಿಲ್ಲ.

ಅದೇ ಹೊತ್ತಿಗೆ ಅಣ್ಣನ ಮೊಮ್ಮಗಳ ಹೆಸರಿಡುವ ಕಾರ್ಯಕ್ಕೆ ತವರಿಗೆ ಹೋದಳು. ಅಲ್ಲಿಗೆ ಅತ್ತಿಗೆಯ ತಮ್ಮ ಮೈಲಾರಲಿಂಗ ಬಂದಿದ್ದ. ಶಿಗ್ಗಾಂವದಲ್ಲಿ ಬೀಜ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಆ ವರ್ಷ ಅದನ್ನು ಬಿಟ್ಟು ಸ್ವಂತ ವ್ಯಾಪಾರಕ್ಕೆ ಇಳಿದಿದ್ದ. ಒಣಶುಂಠಿಯ ಪುಡಿ, ಬಿಳಿ ಡಬ್ಬಿ, ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರ.

"ಅಕ್ಕ, ಕೈ ಹಿಂಗಾಗೂತನಕ ನನಗ ಹೇಳಿಲ್ಲಲ್ಲ!" ಎಂದು ಅವನು ನಿಜವಾದ ಮರುಕದಿಂದಲೇ ಅವಳ ಕೈ ನೋಡಿದ. "ಇದನ್ನ ತಗೋ. ಒಂದು ಚಮಚ ಬೆಳಿಗ್ಗೆ, ಒಂದು ಚಮಚ ಸಂಜಿಕ. ಬರೇ ಶುಂಠಿ, ಮತ್ತೇನಿಲ್ಲ. ನಮ್ಮ ಅವ್ವ ಇದನ್ನ ತಗೊಂಡ ಕೋಲು ಬಿಟ್ಟಾಳ."

"ಶುಂಠಿ ನಾ ದಿನಾ ಕುಡೀತೇನಿ ತಮ್ಮ. ಏನೂ ಆಗಿಲ್ಲ."

"ಅದು ಹಸೇದು. ಇದು ಸತ್ವ ತಗದದ್ದು. ಫರಕ್ ಐತಿ."

ಬಿಸಿನೀರಿನಲ್ಲಿ ಕಲಸಿದರೆ ಶುಂಠಿಯ ವಾಸನೆಯೇ, ಶುಂಠಿಯ ಖಾರವೇ. ಮೂರನೆಯ ದಿನ ಬೆಳಗ್ಗೆ ಹೊನ್ನವ್ವ ಎದ್ದು ಕೂತು ಕೈ ನೋಡಿಕೊಂಡಳು. ಬೆರಳು ಮಡಚಿದಳು, ಬಿಡಿಸಿದಳು. ಮುಷ್ಟಿ ಕಟ್ಟಿತು. ಮುಂಗೈ ಕೆಂಪು ಇಳಿದಿತ್ತು. ಅವಳು ಗಂಡನನ್ನು ಕೂಗಿದಳು. ಅವನು ಏನಾಯಿತೋ ಎಂದು ಓಡಿ ಬಂದರೆ, ಇವಳು ಮುಷ್ಟಿ ಹಿಡಿದು ತೋರಿಸುತ್ತ ಅಳುತ್ತಿದ್ದಳು.

ಆ ದಿನ ಅವಳೇ ಎಸರು ಸುರಿದಳು, ಅವಳೇ ನಾದಿದಳು. ಓಣಿಯವರು ಸಪ್ಪಳ ಕೇಳಿ ಬಾಗಿಲಿಗೆ ಬಂದು ನಿಂತರು. ಸುನಿತಾ ಬಂದಾಗ ರೊಟ್ಟಿ ಆಗಲೇ ಮೊಣಕಾಲೆತ್ತರ ಒಟ್ಟಾಗಿದ್ದವು.

ಸುದ್ದಿ ತಿಳಿದು ಮೈಲಾರಲಿಂಗ ಬೈಕ್ ಹತ್ತಿ ಬಂದ. ಒಲೆಯ ಮುಂದೆ ಕೂತ ಹೊನ್ನವ್ವನನ್ನು ಮೊಬೈಲಿನಲ್ಲಿ ಹಿಡಿದ. ಅವಳು ಕ್ಯಾಮೆರಾ ಕಡೆ ಎರಡೂ ಅಂಗೈ ಚಾಚಿ, "ಈ ಕೈ ಪಾತ್ರಿ ಹಿಡೀತಿದ್ದಿಲ್ಲ. ಈಗ ನೋಡ್ರಿ. ಶುಂಠಿ ಪುಡಿ ತಗೊಂಡೇನಿ, ಬ್ಯಾರೆ ಏನೂ ಇಲ್ಲ," ಅಂದಳು. ಯಾರೂ ಹೇಳಿಕೊಟ್ಟ ಮಾತಲ್ಲ. ಅವಳಿಗೆ ಅನಿಸಿದ್ದೇ ಅದು. ಆ ವಿಡಿಯೋ ಹಿರೇಕೆರೂರು, ಸವಣೂರು, ಹಾನಗಲ್ಲ ಎಲ್ಲ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ತಿರುಗಿತು. ಅಬಲೂರಿನ ಯಾರೋ ಮುದುಕ, ಯಲವಿಗಿಯ ರೈಲು ನಿಲ್ದಾಣದ ಹತ್ತಿರ ಚಹಾ ಮಾರುವ ಹಾಜರಾಬಿ ಎಂಬ ಹೆಂಗಸು, ಹೀಗೆ ಗುರುತು ಪರಿಚಯ ಇಲ್ಲದವರೂ ಹುಡುಕಿಕೊಂಡು ಬಂದು ಅವಳ ಕೈ ಮುಟ್ಟಿ ನೋಡಿದರು. "ಹೌದ್ರಿ, ಬರೇ ಶುಂಠಿ," ಎಂದು ಹೊನ್ನವ್ವ ಒಬ್ಬೊಬ್ಬರಿಗೂ ಹೇಳಿದಳು. ಹಾಜರಾಬಿಯ ಎರಡೂ ಮೊಣಕಾಲು ಬಾತಿದ್ದವು. ಆಕೆ ಹೋಗುವಾಗ ಹೊನ್ನವ್ವನ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

ಮಳೆಗಾಲ ಬರುವಷ್ಟರಲ್ಲಿ ಹೊನ್ನವ್ವನ ಮೈ ತುಂಬಿತು. ಮುಖ ದುಂಡಗಾಗಿ ಗಲ್ಲ ಕೆಂಪಗಾದವು. "ಆರಾಮಾದ ಮ್ಯಾಲೆ ಮಾರಿಗೆ ಕಳೆ ಬಂತು ನೋಡ," ಎಂದರು ಓಣಿಯವರು. ಹಸಿವೆ ವಿಪರೀತ. ರೊಟ್ಟಿ ಮುಗಿಸಿ ಎದ್ದರೆ ಮತ್ತೆ ಉಣ್ಣಬೇಕು ಅನಿಸುತ್ತಿತ್ತು. ನೀರು ಎಷ್ಟು ಕುಡಿದರೂ ಬಾಯಿ ಆರುತ್ತಿತ್ತು. ಹಿಟ್ಟು ನಾದುವ ಕೊಣಮಿಗೆಯ ಅಂಚು ಮೆಲ್ಲಗೆ ತಾಗಿದರೂ ಮೊಣಕೈ ಕೆಳಗೆ ನೀಲಿ ಕಲೆ ಏಳುತ್ತಿತ್ತು.

ನಸೀರಾ ಬಹಳ ದಿನದ ಮೇಲೆ ಅವಳನ್ನು ನೋಡಿದ್ದು ಒಂದು ಕುಬಸದ ಮನೆಯಲ್ಲಿ. ಮರುದಿನ ಅಂಗಡಿಗೆ ಕರೆಸಿ, ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಿದಳು. ಸಕ್ಕರೆ ರೋಗವೇ ಇಲ್ಲದವಳಿಗೆ ಅದು ಮುನ್ನೂರರ ಹತ್ತಿರ ಇತ್ತು.

"ಅಕ್ಕಾರ, ಆ ಪುಡಿಯಾಗ ಶುಂಠಿ ಅಷ್ಟ ಇಲ್ರಿ."

"ಮತ್ತೇನೈತಿ?"

"ನನಗ ಖಾತ್ರಿ ಇಲ್ಲ. ಸ್ಟಿರಾಯ್ಡ್ ಬೆರಸಿರಬೇಕು. ಶುಂಠಿ ಮೂರ ದಿನದಾಗ ಇಂಥಾ ಬಾವು ಇಳಸೂದಿಲ್ರಿ. ಶುಂಠಿ ತಿಂದ್ರ ಮಾರಿ ಹಿಂಗ ದುಂಡಗ ಆಗೂದಿಲ್ಲ, ಸಕ್ಕರಿ ಏರೂದಿಲ್ಲ. ಪುಡಿ ತಗೊಂಡು ಹಾವೇರಿಗೆ ಹೋಗ್ರಿ. ಒಮ್ಮೆಲೆ ಬಿಡಬ್ಯಾಡ್ರಿ ಮತ್ತ, ಅದೂ ಚಲೋ ಅಲ್ಲ. ಡಾಕ್ಟರ್ ಹೇಳಿದಂಗ ಬಿಡಬೇಕು."

ಹೊನ್ನವ್ವನಿಗೆ ಸಿಟ್ಟು ಬಂತು. ಆರು ತಿಂಗಳು ಮುದುಡಿದ್ದ ಕೈ ತೆರೆಸಿದ ವಸ್ತುವನ್ನು ಈ ಹುಡುಗಿ ವಿಷ ಅನ್ನುತ್ತಿದ್ದಾಳೆ.

"ನಿನ್ನ ಗುಳಿಗಿ ಮಾರಾಟ ಆಗವಲ್ವು ಅಂತ ಹಿಂಗಂತೀಯೇನು? ಊರ ಮಂದಿ ಎಲ್ಲಾ ಪುಡಿಗೆ ಹೋದ್ರಂತ ಹೊಟ್ಟಿ ಉರೀತೇನು?"

ಅಂಗಡಿಯಲ್ಲಿ ಇನ್ನಿಬ್ಬರು ನಿಂತಿದ್ದರು. ನಸೀರಾ ತಲೆ ತಗ್ಗಿಸಿ ಸೂಜಿಯನ್ನು ಡಬ್ಬಿಗೆ ಹಾಕಿದಳು. "ನೀವ ಏನರ ಅನ್ರಿ. ಒಮ್ಮೆಲೆ ಮಾತ್ರ ಬಿಡಬ್ಯಾಡ್ರಿ," ಎಂದು ಅದೊಂದನ್ನೇ ಮತ್ತೆ ಹೇಳಿದಳು.

ಬಿಡುವ ಮನಸ್ಸು ಹೊನ್ನವ್ವನಿಗೆ ಇರಲೂ ಇಲ್ಲ. ಆದರೆ ಆ ತಿಂಗಳು ಮೈಲಾರಲಿಂಗನಿಗೇ ಮಾಲು ಬರಲಿಲ್ಲ. ಅವನು ಪುಡಿಯನ್ನು ತಾನು ಮಾಡುತ್ತಿರಲಿಲ್ಲ. ಎಲ್ಲಿಂದಲೋ ಚೀಲದಲ್ಲಿ ಬರುವುದನ್ನು ಡಬ್ಬಿಗೆ ತುಂಬಿ ಮಾರುತ್ತಿದ್ದ. "ಇವತ್ತು ಬರ್ತೈತಿ, ನಾಳೆ ಬರ್ತೈತಿ ಅಕ್ಕ," ಅನ್ನುತ್ತ ಹೋದ. ಹೊನ್ನವ್ವನ ಡಬ್ಬಿ ಖಾಲಿಯಾಯಿತು.

ಎರಡು ದಿನ ಕಳೆಯುವಷ್ಟರಲ್ಲಿ ಕೈಕಾಲು ಮೊದಲಿಗಿಂತ ಹೆಚ್ಚು ಬಾತವು. ಮೈಯಲ್ಲಿ ಶಕ್ತಿಯೇ ಇಲ್ಲದಂತಾಗಿ ಅವಳು ಗೋಡೆ ಹಿಡಿದು ನಡೆದಳು. ವಾಂತಿ ಶುರುವಾಯಿತು. ಮುಂದಿನ ದಿನ ಬೆಳಗ್ಗೆ ಒಲೆಯ ಹತ್ತಿರ ಹೋದವಳು ಹಿಟ್ಟಿನ ಡಬ್ಬದ ಪಕ್ಕದಲ್ಲೇ ಕುಸಿದಳು. ಸುನಿತಾಗೆ ಮೊದಲು ನೆನಪಾದದ್ದು ನಸೀರಾ. ಅವಳು ಓಡಿ ಬಂದು ರಕ್ತದೊತ್ತಡ ನೋಡಿ, ತನ್ನ ಗಂಡನ ಕಾರಿನಲ್ಲೇ ಹೊನ್ನವ್ವನನ್ನು ಮಲಗಿಸಿಕೊಂಡು ಹಾವೇರಿಗೆ ಹೊರಟಳು. ಖಾಲಿ ಡಬ್ಬಿಯನ್ನೂ ಎತ್ತಿಕೊಂಡಳು. ತಳದಲ್ಲಿ ಒಂದಿಷ್ಟು ಪುಡಿ ಅಂಟಿತ್ತು.

ಡಾಕ್ಟರ್ ಸವಿತಾಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೊನ್ನವ್ವನ ಮುಖ, ತೋಳಿನ ಕಲೆ, ಸಕ್ಕರೆ, ಕುಸಿದ ರಕ್ತದೊತ್ತಡ ಎಲ್ಲವೂ ಒಂದೇ ಮಾತು ಹೇಳುತ್ತಿದ್ದವು. ಸಲಾಯಿನ್ ಹಚ್ಚಿ, ಸೂಜಿ ಕೊಟ್ಟು, ಹೊನ್ನವ್ವ ಎದ್ದು ಕೂರುವಂತಾದ ಮೇಲೆ ಬಿಡಿಸಿ ಹೇಳಿದರು.

"ಬಾವು ಇಳಸೂ ಒಂದು ರಸ ನಮ್ಮ ಮೈಯಾಗ ತಾನ ತಯಾರಾಗ್ತಿರ್ತೈತಿ. ಹೊರಗಿಂದ ಅದನ್ನ ಹಿಡಿ ಹಿಡಿ ಸುರುವಿದ್ರ, ಮೈ ತನ್ನದು ಮಾಡೂದನ್ನ ನಿಲ್ಲಸ್ತೈತಿ. ಆಮ್ಯಾಲೆ ಒಮ್ಮೆಲೆ ಹೊರಗಿಂದು ನಿಂತ್ರ, ಒಳಗೂ ಇಲ್ಲ, ಹೊರಗೂ ಇಲ್ಲ. ನಿಮಗ ಆದದ್ದು ಅದ. ಸ್ಟಿರಾಯ್ಡ್ ನಾವೂ ಕೊಡ್ತೇವಿ, ಅಳತಿ ಹಿಡಿದು, ಬೇಕಾದಷ್ಟ ದಿನ. ಶುಂಠಿ ಹೆಸರಿನಾಗ ಕದ್ದು ಕೊಡೂದಿಲ್ಲ."

"ನನ್ನ ಕೈ ನೆಟ್ಟಗಾದದ್ದು ಶುಂಠಿಯಿಂದ ಅಲ್ಲೇನ್ರಿ ಹಂಗಾದ್ರ?"

"ಅಲ್ರಿ."

ಹೊನ್ನವ್ವ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. "ಯಲವಿಗಿ ಹೆಣಮಗಳು ನನ್ನ ಕೈ ಕಣ್ಣಿಗೆ ಒತ್ತಿಕೊಂಡ ಹೋದಳ್ರಿ," ಅಂದಳು. ಡಾಕ್ಟರಿಗೆ ಅದು ಯಾರೆಂದು ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತ ನಸೀರಾಗೂ ಗೊತ್ತಿರಲಿಲ್ಲ. ಹೊನ್ನವ್ವ ಅವಳನ್ನು ಹತ್ತಿರ ಕರೆದು, "ಮಂದಿ ಮುಂದ ಅಂದೇನಿ ನಿನಗ. ಮಂದಿ ಮುಂದನ ತಪ್ಪಾತು ಅಂತೇನಿ, ಊರಿಗೆ ಹೋಗೂಣು ನಡಿ," ಎಂದಳು.

"ಅದ ಇರಲ್ರಿ. ಮೊದ್ಲ ಈ ಗಂಜಿ ಕುಡೀರಿ," ಎಂದಳು ನಸೀರಾ.

ಡಾಕ್ಟರ್ ಕಡಿಮೆ ಅಳತೆಯ ಸ್ಟಿರಾಯ್ಡ್ ಗುಳಿಗೆ ಬರೆದು, ವಾರ ವಾರ ಅದನ್ನು ಇಳಿಸುತ್ತ ಬರುವ ಕ್ರಮ ಹೇಳಿದರು. ವಾರಕ್ಕೊಮ್ಮೆಯ ಹಳೆಯ ಗುಳಿಗೆಯನ್ನೂ ಮತ್ತೆ ಶುರು ಮಾಡಿದರು. ಡಬ್ಬಿಯ ತಳದ ಪುಡಿ ತಪಾಸಣೆಗೆ ಹೋಯಿತು.

ನಡೆಯುವಂತಾದ ಕೂಡಲೇ ಹೊನ್ನವ್ವ ಗಂಡನಿಗೆ ಶಿಗ್ಗಾಂವಕ್ಕೆ ಕರೆದೊಯ್ಯಲು ಹೇಳಿದಳು. ಶಿದ್ಲಿಂಗಪ್ಪನಿಗೆ ಇಷ್ಟವಿರಲಿಲ್ಲ. "ಫೋನಿನ್ಯಾಗ ಹೇಳಿದ್ರ ಆಗೂದಿಲ್ಲೇನು? ಬೀಗತನದ ಮನಿ," ಎಂದ.

"ಬೀಗತನದ ಮನಿ ಅಂತ ಹೋಗಬೇಕು ಅನ್ನಾಕತ್ತೇನಿ."

ಮೈಲಾರಲಿಂಗನ ಮನೆಯ ಪಡಸಾಲೆಯಲ್ಲಿ ಡಬ್ಬಿಗಳು ಆಳೆತ್ತರ ಒಟ್ಟಿದ್ದವು. ಮಾಲು ಮತ್ತೆ ಬಂದಿತ್ತು. ಅವನು ನಗುತ್ತಲೇ ಎದ್ದು ಬಂದು, "ಬರ್ರಿ ಮಾಮಾ, ಕುಂಡ್ರಿ. ಅಕ್ಕ, ನಿನ್ನ ಡಬ್ಬಿ ನಾಳೆ ಕಳಸಾವ ಇದ್ದೆ," ಎಂದ.

ಹೊನ್ನವ್ವ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ದವಾಖಾನೆಗೆ ಬಿದ್ದದ್ದು, ಡಾಕ್ಟರ್ ಹೇಳಿದ್ದು, ಯಾವುದನ್ನೂ ಮುಚ್ಚಲಿಲ್ಲ. ಅವನ ಮುಖದ ನಗು ಹೋಯಿತು.

"ನಾ ಏನೂ ಬೆರಸಿಲ್ಲ ಅಕ್ಕ. ಆಣಿ ಮಾಡ್ತೇನಿ. ಬಂದದ್ದನ್ನ ಡಬ್ಬಿಗೆ ತುಂಬೇನಿ, ಅಷ್ಟ. ಬರೇ ಶುಂಠಿ ಅಂತ ಅವರು ಹೇಳ್ಯಾರ."

"ನಾನೂ ಹಂಗ ಅಂದೇನಲ್ಲ ತಮ್ಮ, ಮಂದಿಗೆ. ಬರೇ ಶುಂಠಿ ಅಂತ."

"ಡಾಕ್ಟರ್ ಮಂದಿ ಹಂಗ ಅಂತಾರ. ಅವರ ಧಂದೆ ನಡೀಬೇಕಲ್ಲ."

ಆಗ ಒಳಗಿನಿಂದ ಅವನ ತಾಯಿ ಯಂಕವ್ವ ಮಾತಿನ ಸದ್ದು ಕೇಳಿ ಹೊರಗೆ ಬಂದಳು. ಎಪ್ಪತ್ತು ದಾಟಿದ ಮುದುಕಿ, ಮೊದಲೆಲ್ಲ ಒಣಗಿದ ಕಡ್ಡಿಯಂತೆ ಇದ್ದವಳು. ಈಗ ಮುಖ ಹುಣ್ಣಿಮೆ ಚಂದ್ರನ ಹಾಗೆ ದುಂಡಗಿತ್ತು. ಕಾಲು ಮಾತ್ರ ಕಟ್ಟಿಗೆಯಷ್ಟೇ ಸಣ್ಣ. ಸೆರಗಿನಿಂದ ಹೊರಗೆ ಬಂದ ಮುಂಗೈ ತುಂಬ ನೀಲಿ ಕಲೆ.

ಹೊನ್ನವ್ವ ಅವಳ ಹತ್ತಿರ ಹೋಗಿ ಕೈ ಹಿಡಿದಳು. "ಅತ್ತಿ, ಇದು ಯಾವಾಗ ಆತು?"

"ಏನೂ ಇಲ್ಲವಾ. ಬಾಗಲಾ ತಾಗೇತಿ. ಈಗೀಗ ಎಲ್ಲಿ ತಾಗಿದ್ರೂ ಹಿಂಗ ಆಗ್ತೈತಿ."

"ನೀರಡಿಕಿ ಆಗ್ತೈತೇನು?"

"ಬಿಂದಿಗಿ ಬಾಯಿಗೆ ಹಚ್ಚಿದ್ರೂ ಸಾಲೂದಿಲ್ಲ. ಉಂಡಷ್ಟೂ ಹಸಿವು. ಕಾಲಾಗ ಮಾತ್ರ ಕಸುವು ಇಲ್ಲವಾ, ನಿಂತ್ರ ನಡಗ್ತಾವ."

ಹೊನ್ನವ್ವ ತನ್ನ ತೋಳನ್ನು ಅವಳ ತೋಳಿನ ಪಕ್ಕಕ್ಕೆ ಹಿಡಿದಳು. ಮೈಲಾರಲಿಂಗ ನೋಡಿದ. ಎರಡೂ ತೋಳಿನಲ್ಲಿ ಒಂದೇ ಬಣ್ಣದ ಕಲೆ. ಅವನು ತಾಯಿಯ ಮುಖವನ್ನು ನೋಡಿದ, ಹೊನ್ನವ್ವನ ಮುಖವನ್ನು ನೋಡಿದ. ದಿನಾಲೂ ಕಣ್ಣೆದುರು ಇದ್ದದ್ದು ಅವನಿಗೆ ಅಂದು ಕಂಡಿತು. ಪಕ್ಕದ ಕುರ್ಚಿಯಲ್ಲಿ ಕೂತ.

"ಅವ್ವಗ ನಾನ ನನ್ನ ಕೈಯಾರ ಕಲಸಿ ಕೊಡ್ತೇನಿ ಅಕ್ಕ. ದಿನಾ," ಎಂದ ಸಣ್ಣ ದನಿಯಲ್ಲಿ.

"ಒಮ್ಮೆಲೆ ನಿಲ್ಲಸಬ್ಯಾಡ. ಇವತ್ತ ಹಾವೇರಿಗೆ ಕರಕೊಂಡ ಹೋಗು. ನಾವೂ ಬರ್ತೇವಿ."

ಅದೇ ದಿನ ಅವರು ಯಂಕವ್ವನನ್ನು ಹಾವೇರಿಗೆ ಕರೆದುಕೊಂಡು ಹೋದರು. ಮುದುಕಿಯ ಬೆನ್ನಿನ ಮೂಳೆ ಒಂದು ಕಡೆ ಕುಸಿದಿತ್ತು. ಅದು ಈ ಪುಡಿಯಿಂದಲೇ ಆದದ್ದೋ, ವಯಸ್ಸಿನಿಂದ ಆದದ್ದೋ ಎಂದು ಹೇಳಲಾಗದು, ಎರಡೂ ಕೂಡಿರಬೇಕು ಎಂದರು ಡಾಕ್ಟರ್.

ಅಷ್ಟಾದರೂ ಮೈಲಾರಲಿಂಗ ಎಲ್ಲವನ್ನೂ ಒಮ್ಮೆಗೇ ಬಿಟ್ಟುಕೊಡಲಿಲ್ಲ. ಹೊನ್ನವ್ವ ಆ ಹಳೆಯ ವಿಡಿಯೋ ಅಳಿಸು ಎಂದಾಗ, "ನನ್ನ ಮೊಬೈಲಿನಾಗ ಅಳಿಸಿದ್ರ ಏನಾಗ್ತೈತಿ? ಎಲ್ಲಾ ಕಡೆ ಹೋಗೇತಿ," ಎಂದ. ಅದು ನಿಜವೇ ಆಗಿತ್ತು. ಆಗ ಹೊನ್ನವ್ವ ನಸೀರಾಳ ಅಂಗಡಿಗೆ ಹೋದಳು. ಅಲ್ಲಿ ನಾಲ್ಕು ಜನ ನಿಂತಿರುವುದನ್ನು ನೋಡಿಯೇ ಒಳಗೆ ಬಂದು, "ಅವತ್ತು ನಾ ಈ ಹುಡುಗಿಗೆ ಸುಳ್ಳ ಅಂದೆ. ಖರೇ ಹೇಳಿದಾಕಿ ಈಕಿ," ಎಂದಳು. ಆಮೇಲೆ, "ನಿನ್ನ ಮೊಬೈಲ್ ತಗದಕೊಂಡ ಮನಿಗೆ ಬಾ," ಎಂದು ಕರೆದಳು.

ಈ ಸಲವೂ ಅವಳು ಅದೇ ಒಲೆಯ ಮುಂದೆ ಕೂತಳು. ಮುಖ ಇನ್ನೂ ದುಂಡಗೇ ಇತ್ತು. ಕೈ ಬಾತಿತ್ತು. ಬಲಗೈಯ ಎರಡು ಬೆರಳು ಆಗಲೇ ಕಿರುಬೆರಳಿನ ಕಡೆಗೆ ವಾಲಿದ್ದವು.

"ನಾ ಹಂಸಭಾವಿ ಹೊನ್ನವ್ವ. ಶುಂಠಿ ಪುಡಿಯಿಂದ ಕೈ ನೆಟ್ಟಗಾತು ಅಂತ ನಾನ ಹೇಳಿದ್ದೆ. ಅದು ಶುಂಠಿ ಅಲ್ಲರಿ. ಅದರಾಗ ಸ್ಟಿರಾಯ್ಡ್ ಅಂತ ಬ್ಯಾರೆ ಔಷಧ ಕೂಡಿಸಿದ್ರು. ನನ್ನ ಮಾತು ಕೇಳಿ ಯಾರ್ಯಾರು ತಗೊಂಡೀರಿ, ಮಾರಿ ದುಂಡಗ ಆಗಿದ್ರ, ನೀರಡಿಕಿ ಹೆಚ್ಚಾಗಿದ್ರ, ದವಾಖಾನಿಗೆ ಹೋಗ್ರಿ. ಗಾಬರಿ ಬಿದ್ದು ಒಮ್ಮೆಲೆ ಬಿಡಬ್ಯಾಡ್ರಿ, ನಾ ಹಂಗಾಗಿ ಬಿದ್ದೆ. ಮನ್ಯಾಗಿನ ಶುಂಠಿ ಕೆಟ್ಟದ್ದಲ್ಲ. ಚಾದಾಗ ಹಾಕ್ಕೊಂಡ ಕುಡೀರಿ."

ಮೊದಲಿನ ವಿಡಿಯೋ ನೋಡಿದಷ್ಟು ಜನ ಇದನ್ನು ನೋಡಲಿಲ್ಲ. ನೋಡಿದವರಲ್ಲಿ ಕೆಲವರು ಔಷಧ ಕಂಪನಿಯವರು ದುಡ್ಡು ಕೊಟ್ಟು ಹೇಳಿಸಿದ್ದಾರೆ ಎಂದರು. ಒಬ್ಬ ಫೋನ್ ಮಾಡಿ ಹೊಲಸು ಮಾತಾಡಿದ. ಶಿದ್ಲಿಂಗಪ್ಪ ಹೊಸ ಸಿಮ್ ತಂದುಕೊಟ್ಟ. ಹೊನ್ನವ್ವ ಬೇಡ ಎಂದಳು. "ನಂಬರ್ ಬದಲಾದ್ರ, ಬೇಕಾದವ್ರು ಹೆಂಗ ಮಾತಾಡಬೇಕು?" ಬೇಕಾದವರೂ ಫೋನ್ ಮಾಡಿದರು. ಕೆಲವರಿಗೆ ಏನೂ ಆಗಿರಲಿಲ್ಲ. ಕೆಲವರಿಗೆ ಸಕ್ಕರೆ ಏರಿತ್ತು. ಹಾಜರಾಬಿಯ ನಂಬರು ಯಾರ ಹತ್ತಿರವೂ ಇರಲಿಲ್ಲವಾಗಿ ಗಂಡ ಹೆಂಡತಿ ಯಲವಿಗಿಗೇ ಹೋದರು. ಆಕೆ ನಿಲ್ದಾಣದ ಹೊರಗೆ ಸ್ಟೋವ್ ಹಚ್ಚಿಕೊಂಡು ಕೂತಿದ್ದಳು. ಒಂದು ಡಬ್ಬಿ ತೆಗೆದುಕೊಂಡು, ಹೊಟ್ಟೆ ಉರಿ ತಾಳದೆ ಬಿಟ್ಟುಬಿಟ್ಟಿದ್ದಳಂತೆ. "ನಿಮ್ಮ ಕೈ ನೋಡಿ ನನಗೂ ಆಸೆ ಆಗಿತ್ತು ನೋಡ್ರಿ," ಎಂದು ನಕ್ಕು, ಇಬ್ಬರಿಗೂ ಶುಂಠಿ ಜಜ್ಜಿ ಹಾಕಿದ ಚಹಾ ಕೊಟ್ಟಳು. ಹೊನ್ನವ್ವನಿಗೆ ಅಂದು ಎದೆಯ ಭಾರ ಎಷ್ಟೋ ಇಳಿಯಿತು.

ತಪಾಸಣೆಯಲ್ಲಿ ಸ್ಟಿರಾಯ್ಡ್ ಇದ್ದದ್ದು ಖಾತ್ರಿಯಾಯಿತು. ಔಷಧ ಇಲಾಖೆಯ ಅಧಿಕಾರಿಗಳು ಬಂದು ಮೈಲಾರಲಿಂಗನ ಪಡಸಾಲೆಯಿಂದ ಡಬ್ಬಿಗಳನ್ನು ತೆಗೆದುಕೊಂಡು ಹೋದರು. ಅವನು ಈ ಹೊತ್ತಿಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಮಾಲು ಎಲ್ಲಿಂದ ಬರುತ್ತಿತ್ತೋ ಆ ಹೆಸರು, ಫೋನ್ ನಂಬರ್ ಎಲ್ಲ ತಾನಾಗಿಯೇ ಹೇಳಿದ. ಆ ನಂಬರು ಬಂದ್ ಆಗಿತ್ತು, ಆ ಹೆಸರಿನವರು ಯಾರೂ ಸಿಗಲಿಲ್ಲ. ಕೇಸು ಇನ್ನೂ ನಡೆಯುತ್ತಿದೆ, ಅವನು ಅಲೆಯುತ್ತಿದ್ದಾನೆ. ಮತ್ತೆ ಅದೇ ಬೀಜ ಗೊಬ್ಬರದ ಅಂಗಡಿಗೆ ಸೇರಿಕೊಂಡಿದ್ದಾನೆ. ಶಿವಯೋಗಿಯ ಹೆಂಡತಿ, ತನ್ನ ತಮ್ಮನನ್ನು ಸಿಕ್ಕಿಸಿದವಳು ನಾದಿನಿ ಎಂದು, ಒಂದು ವರ್ಷ ಹೊನ್ನವ್ವನ ಜೊತೆ ಮಾತು ಬಿಟ್ಟಿದ್ದಳು. ಆ ವರ್ಷ ಶುಂಠಿಯ ಚೀಲವೂ ಬರಲಿಲ್ಲ. ಹೊನ್ನವ್ವ ಸಂತೆಯಲ್ಲಿ ಕೊಂಡಳು. ಯಂಕವ್ವ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು, ಮತ್ತೆ ಕೋಲು ಹಿಡಿದು ಓಡಾಡುವಂತಾಗಿ, ಮಗಳಿಗೆ ತಾನೇ ಬುದ್ಧಿ ಹೇಳಿದ ಮೇಲೆ ಆ ಮಾತು ಮರಳಿ ಕೂಡಿತು.

ವಾರಕ್ಕೊಮ್ಮೆಯ ಗುಳಿಗೆ ಮೂರನೆಯ ತಿಂಗಳಲ್ಲಿ ಹಿಡಿಯಿತು. ಪುಡಿಯ ಹಾಗೆ ಒಂದು ಬೆಳಗಿನಲ್ಲಿ ಅಲ್ಲ. ಒಂದು ದಿನ ಬಳೆ ಏರಿತು, ಇನ್ನೊಂದು ದಿನ ನಲ್ಲಿ ತಿರುಗಿಸಲು ಬಂತು, ಹೀಗೆ. ಗುಳಿಗೆಯ ಮರುದಿನದ ಹೊಟ್ಟೆ ತೊಳಸುವುದಕ್ಕೆ ಡಾಕ್ಟರ್ ಬೇರೆ ಗುಳಿಗೆ ಕೂಡಿಸಿದರು. ಅದರ ಜೊತೆಗೆ ಒಂದು ತುಂಡು ಶುಂಠಿ ಕುದಿಸಿ ಕುಡಿದು ನೋಡಿ, ವಾಕರಿಕೆಗೆ ಅದು ಕೆಲವರಿಗೆ ಚೆನ್ನಾಗಿ ಆಗಿಬರುತ್ತದೆ ಎಂದರು. ಹೊನ್ನವ್ವನಿಗೆ ಆಗಿಬಂತು. ಸಕ್ಕರೆ ಇಳಿಯಿತು. ಮುಖ ಮೊದಲಿನ ಹಾಗೆ ಉದ್ದವಾಯಿತು. ವಾಲಿದ ಎರಡು ಬೆರಳು ಮಾತ್ರ ನೆಟ್ಟಗಾಗಲಿಲ್ಲ. ಆಗುವುದೂ ಇಲ್ಲ.

ಆ ಬೆರಳಿನಿಂದ ಅವಳು ಈಗ ಮನೆಯ ಮಟ್ಟಿಗೆ ರೊಟ್ಟಿ ಬಡಿಯುತ್ತಾಳೆ. ಮಾರುವ ರೊಟ್ಟಿ ಬಡಿಯುವುದು ಸುನಿತಾ ಮತ್ತು ಓಣಿಯ ಇನ್ನಿಬ್ಬರು ಹೆಂಗಸರು. ಹೊನ್ನವ್ವ ಎಸರಿನ ಹದ ನೋಡುತ್ತಾಳೆ, ಹಿಟ್ಟಿನ ಜಿಗಿ ನೋಡುತ್ತಾಳೆ. ಅಂಚು ದಪ್ಪವಾದರೆ ಸುಮ್ಮನಿರುವುದಿಲ್ಲ. "ಬೆರಳ ತುದಿ ಎತ್ತು, ಅಂಗೈ ಹಚ್ಚು," ಎಂದು ಗಾಳಿಯಲ್ಲೇ ಬಡಿದು ತೋರಿಸುತ್ತಾಳೆ. ಬಿಟ್ಟುಹೋಗಿದ್ದ ಖಾನಾವಳಿಯವರಲ್ಲಿ ಒಬ್ಬರು ಮರಳಿ ಬಂದಿದ್ದಾರೆ.

ಕೈ ಬಾತವರು, ಮೊಣಕಾಲು ಹಿಡಿದವರು ಈಗಲೂ ಅವಳನ್ನು ಕೇಳಿಕೊಂಡು ಬರುತ್ತಾರೆ. ಮೊದಲನೆಯ ವಿಡಿಯೋ ಇನ್ನೂ ಎಲ್ಲೋ ತಿರುಗುತ್ತಿರುತ್ತದೆ, ಅದನ್ನು ನೋಡಿಯೇ ಬರುವವರು ಅವರು. ಮೊನ್ನೆ ಅಬಲೂರಿನಿಂದ ಒಬ್ಬ ಹೆಂಗಸು ಬಂದಿದ್ದಳು. ಆ ಪುಡಿ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಹೊನ್ನವ್ವ ಅವಳನ್ನು ಕೂರಿಸಿ, ಎರಡೂ ಕೈ ಹಿಡಿದು ಕೀಲು ಕೀಲು ಒತ್ತಿ ನೋಡಿದಳು. "ಬೆಳಿಗ್ಗೆ ಎದ್ದಾಗ ಬಾಳ ಹೊತ್ತು ಬೆರಳು ಬಿಗಿತಾವೇನು?" ಎಂದು ಕೇಳಿದಳು. ಹೌದು ಎಂದಳು ಆಕೆ.

"ಹಂಗಾದ್ರ ತಡಾ ಮಾಡಬ್ಯಾಡ. ಚಾ ಕುಡದ ನಡಿ, ನಸೀರಾನ ಹತ್ರ ಹೋಗೂಣು. ಡಾಕ್ಟರ್ ಹೆಸರು, ಬರೂ ದಿನ ಎಲ್ಲಾ ಆಕಿಗೆ ಗೊತ್ತೈತಿ," ಎನ್ನುತ್ತ ಹೊನ್ನವ್ವ ಎದ್ದು ಕಾಲಿಗೆ ಚಪ್ಪಲಿ ಹಾಕಿಕೊಂಡಳು.